ಎರಡನೇ ಗೇರು

ಮೂರನೆಯದು ಬೀಳುವುದಿಲ್ಲ. ಬಿದ್ದರೂ ನಿಲ್ಲುವುದಿಲ್ಲ.
ಹಾಗಾಗಿ ಲಿಂಡಿಸ್ ಘಾಟಿಯ ಏರನ್ನು
ಎರಡರಲ್ಲೇ ಹತ್ತುತ್ತಿದ್ದೇವೆ, ನಾನೂ ನೋಲೀನಳೂ,
ಬೆನ್ನ ಹಿಂದೆ ಹನ್ನೊಂದು ಕಾರುಗಳ ದಿಬ್ಬಣ ಕಟ್ಟಿಕೊಂಡು.
ಬದಿಗೆ ಸರಿದು ದಾರಿ ಬಿಡುತ್ತಾಳೆ ಅವಳು,
ಒಬ್ಬೊಬ್ಬರಿಗೂ ಕೈಯೆತ್ತುತ್ತಾಳೆ,
ಉಂಡ ನೆಂಟರನ್ನು ಬಾಗಿಲವರೆಗೆ ಬಂದು ಕಳಿಸುವಂತೆ.

ಗಾಡಿ ಅರ್ಧ ಅವಳದು, ಅರ್ಧ ನನ್ನದು.
ಇಪ್ಪತ್ತಮೂರು ವರ್ಷದ ಹಿಂದೆ ಟಿಮರುವಿನಲ್ಲಿ
ಮೀನಿನ ವಾಸನೆ ಸಮೇತ ಕೊಂಡದ್ದು.
ನನ್ನ ಗಂಡ, ಅವಳ ಅಣ್ಣ, ಅಂದೇ ಹೇಳಿದ್ದ:
ಇದು ವರ್ಷ ತುಂಬುವುದಿಲ್ಲ.
ಅವಳಿಗೆ ಸ್ಟೇರಿಂಗು, ನನಗೆ ನಕ್ಷೆ.
ನನಗೆ ಗಾಡಿ ಬಾರದು. ಅವಳಿಗೆ ಎಡ ಬಲ ಬಾರದು.

ಈಗ ಅವಳ ಎಡ ಮಂಡಿ ಕ್ಲಚ್ಚಿನ ಮೇಲೆ ಮುನಿದಿದೆ.
ಇನ್ವರ್ಕಾರ್ಗಿಲ್ಲಿನ ಹುಡುಗ, ರಾವಿರಿ,
ಮುಂಗಡ ಕೊಟ್ಟಾಗಿದೆ.
ಗುರುವಾರ ಮಧ್ಯಾಹ್ನ ಎರಡಕ್ಕೆ ಕೀಲಿಕೈ ಕೊಡಬೇಕು.

ನಿನ್ನೆ ಪುಕಾಕಿ ಸರೋವರದ ದಡದಲ್ಲಿ ತಂಗಿದ್ದೆವು.
ಆ ನೀರಿನ ಬಣ್ಣ ಹೇಳಹೊರಟವರೆಲ್ಲ ಸುಳ್ಳರಾಗಿದ್ದಾರೆ:
ನೀಲಿ ಅಂದರೆ ಹಾಲು ಉಳಿದುಬಿಡುತ್ತದೆ,
ಹಾಲು ಅಂದರೆ ನೀಲಿ.
ಮೇಲೆಲ್ಲೋ ಹಿಮನದಿ, ನಿದ್ದೆ ಬಾರದ ಮುದುಕಿ,
ಬೆಟ್ಟವನ್ನೇ ಬೀಸುಕಲ್ಲಿಗೆ ಸುರಿದುಕೊಂಡು
ನುಣ್ಣನೆ ಹಿಟ್ಟು ಮಾಡಿ ಕೆಳಗೆ ಕಳಿಸುತ್ತಾಳೆ.
ಯಾರ ರೊಟ್ಟಿಗೋ.

ಆ ತುದಿಯ ಶಿಖರ ನಮ್ಮ ಮನೆಯಲ್ಲಿ ಔರಾಕಿ, ಹಿರೀಕ.
ಅವಳ ಮನೆಯಲ್ಲಿ ಮೌಂಟ್ ಕುಕ್.
ನಿನ್ನೆ ಇಬ್ಬರಿಗೂ ಮೋಡ.

ಇಳಿಜಾರಿನ ಆಚೆ, ರಾಕ್ಸ್‌ಬರೋ ಹತ್ತಿರ,
ಕಾಯುವವರಿಲ್ಲದ ಅಂಗಡಿ: ಏಪ್ರಿಕಾಟ್ ಚೀಲಗಳು, ಒಂದು ತಗಡಿನ ಡಬ್ಬಿ.
ಚಿಲ್ಲರೆಯಿಲ್ಲದೆ ನೋಲೀನ್ ಐದು ಡಾಲರ್ ಹೆಚ್ಚು ಹಾಕಿದಳು.
ನಾಲ್ಕು ಮೈಲಿ ಹೋದ ಮೇಲೆ ಮನಸ್ಸು ತಡೆಯದೆ
ಗಾಡಿ ತಿರುಗಿಸಿ ಬಂದು ಇನ್ನೊಂದು ಚೀಲ ಎತ್ತಿಕೊಂಡಳು.

ಬುಧವಾರ ರಾತ್ರಿ ಸೂರತ್ ಕೊಲ್ಲಿ.
ಹಿಂದೆಂದೋ ಹಡಗೊಂದು ಒಡೆದು
ತನ್ನ ಹೆಸರನ್ನು ಇಲ್ಲಿ ಬಿಟ್ಟುಹೋಗಿದೆ.
ಕತ್ತಲಲ್ಲಿ ಅಲೆ, ಉಪ್ಪು, ಯಾರೋ ಕೆಮ್ಮಿದ ಸದ್ದು.
ಮನುಷ್ಯರು ಹಾಗೆ ಕೆಮ್ಮುವುದಿಲ್ಲ.

ಬೆಳಗಾಗೆದ್ದು ನೋಡಿದರೆ
ಹಿಂದಿನ ಚಕ್ರಕ್ಕೆ ಬೆನ್ನು ಕೊಟ್ಟು ಮಲಗಿದ್ದಾಳೆ ಕಡಲಸಿಂಹ,
ಎಣ್ಣೆ ಸವರಿದ ಬಂಡೆಯಂತೆ. ಪಕ್ಕದಲ್ಲಿ ಮರಿ,
ಕಣ್ಣು ಮುಚ್ಚಿಯೇ ಮೊಲೆ ಹುಡುಕುತ್ತ.
ಬಾಗಿಲು ಒಂದು ಗೇಣು ತೆರೆದರೆ ಅಮ್ಮನಿಗೆ ಸಿಟ್ಟು.
ಇಪ್ಪತ್ತು ಮೀಟರ್ ದೂರವಿರಿ ಅನ್ನುತ್ತದೆ ಫಲಕ.
ಮುರಿದವಳು ಅವಳು. ನಾವು ಒಳಗೇ ಇದ್ದೆವಲ್ಲ.

ರಾವಿರಿಗೆ ಫೋನು.
"ಕಡಲಸಿಂಹ ಅಡ್ಡ ಮಲಗಿದೆಯಪ್ಪ."
ಅವನು ನಗಲಿಲ್ಲ. "ಮರಿ ಇದೆಯಾ?" ಅಂದ.
"ಹಾಗಾದರೆ ಎಬ್ಬಿಸಬೇಡಿ.
ನಮ್ಮಕ್ಕನ ಮದುವೆಗೆ ಮಾವ ಇದೇ ಕಾರಣಕ್ಕೆ ಬರಲಿಲ್ಲ.
ಯಾರೂ ಏನೂ ಅನ್ನಲಿಲ್ಲ."

ಇಡೀ ದಿನ ಒಳಗೇ. ಇಸ್ಪೀಟು. ಏಪ್ರಿಕಾಟ್. ಮತ್ತೆ ಇಸ್ಪೀಟು.
ಕಿಟಕಿಯಲ್ಲಿ ಮರಿ ಒಮ್ಮೆ ನಮ್ಮ ಚಕ್ರವನ್ನು ಕಚ್ಚಿ ನೋಡಿ
ಮುಖ ಸಿಂಡರಿಸಿತು.
ನೋಲೀನ್ ಮಂಡಿಗೆ ಬಿಸಿನೀರಿನ ಚೀಲ ಒತ್ತಿಕೊಂಡು
ಎಷ್ಟೋ ಹೊತ್ತು ಏನೂ ಮಾತಾಡದೆ,
"ಮಂಡಿ ನೋಯುತ್ತದೆ ಅಂದದ್ದು ಈ ವರ್ಷ," ಅಂದಳು.
"ನೋಯತೊಡಗಿ ಆರಾಯಿತು."

ಐದೂವರೆಗೆ ಅಮ್ಮ ಎದ್ದಳು,
ಮೈಮೇಲಿನ ಮರಳನ್ನು ನಮ್ಮ ಮೇಲೆ ಕೊಡವಿ
ಮರಿಯನ್ನು ಮುಂದೆ ಹಾಕಿಕೊಂಡು
ಹುಲ್ಲಿನ ದಿಬ್ಬ ದಾಟಿ ಕಡಲಿಗೆ ಹೋದಳು.
ವಾಸನೆ ಹೋಗಲಿಲ್ಲ. ಮೀನಿನದೇ, ಹಳೆಯದೇ.
ರಾವಿರಿಗೂ ಸಮೇತವೇ ಸಿಗುತ್ತದೆ.

"ಬಾ," ಅಂದಳು ನೋಲೀನ್, ತನ್ನ ಸೀಟು ಬಿಟ್ಟುಕೊಟ್ಟು.
ಅರವತ್ತೆಂಟರಲ್ಲಿ ಮೊದಲ ಸಲ
ಕ್ಲಚ್ಚಿನ ಮೇಲೆ ನನ್ನ ಕಾಲು, ಗೇರಿನ ಮೇಲೆ ಅವಳ ಕೈ.
ಗಾಡಿ ಕೆಮ್ಮಿತು, ಹಿಂದಕ್ಕೆ ಹಾರಿತು, ನಿಂತಿತು.
ಮತ್ತೊಮ್ಮೆ. ಮರಳು ಕರಕರ ಅಂದಿತು.
"ಎಡಕ್ಕೆ! ಎಡಕ್ಕೆ!" ಅಂದಳು.

ನಾನು ಬಲಕ್ಕೆ ತಿರುಗಿಸಿದೆ.
ಸರಿಯಾಯಿತು.